ಬೀದಿಯನ್ನು ದತ್ತು ಪಡೆಯುವ ಮೊದಲು

ಕಸ ಸುರಿಯುವ ಬೀದಿಯೊಂದನ್ನು ಅಲ್ಲಿನ ನಿವಾಸಿಗಳೋ ಒಂದು ಕಂಪನಿಯೋ ದತ್ತು ತೆಗೆದುಕೊಂಡು ಚೊಕ್ಕಟವಾಗಿ ಇಡುತ್ತೇವೆಂದು ಮುಂದೆ ಬಂದರೆ ಬೇಡ ಎನ್ನಬೇಕೇ? ಬೆಂಗಳೂರಿನಲ್ಲಿ ಈ ಮಾತು ಎದ್ದಾಗಲೆಲ್ಲ ಎರಡು ಬಣಗಳಾಗುತ್ತವೆ. ‘ನಮ್ಮ ಬೀದಿ, ನಾವೇ ಇಳಿಯೋಣ’ ಎಂದು ಒಬ್ಬರು. ‘ಕಂದಾಯ ಕಟ್ಟುವುದು ಯಾಕೆ, ಇದು ಪಾಲಿಕೆಯ ಕೆಲಸ’ ಎಂದು ಇನ್ನೊಬ್ಬರು. ಎರಡು ಮಾತಿಗೂ ತೂಕವಿದೆ.

ರಸ್ತೆ ದತ್ತು ಪಡೆಯುವ ಪದ್ಧತಿ ಶುರುವಾದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ. ಮುಂದೆ ಹೋಗುತ್ತಿದ್ದ ಪಿಕಪ್ ಗಾಡಿಯಿಂದ ಕಸ ಹಾರಿ ಬೀಳುವುದನ್ನು ಹೆದ್ದಾರಿ ಇಲಾಖೆಯ ಎಂಜಿನಿಯರ್ ಜೇಮ್ಸ್ ಇವಾನ್ಸ್ ಕಂಡರು. ತೆಗೆಸುವ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಕೊನೆಗೆ 1985ರಲ್ಲಿ ಟೈಲರ್ ಪಟ್ಟಣದ ಸಿವಿಟನ್ ಕ್ಲಬ್ ಎರಡು ಮೈಲಿ ಹೆದ್ದಾರಿಯ ಹೊಣೆ ಹೊತ್ತುಕೊಂಡಿತು. ಕ್ಲಬ್ಬಿಗೆ ಪ್ರತಿಯಾಗಿ ಸಿಕ್ಕಿದ್ದು ರಸ್ತೆ ಬದಿಯಲ್ಲಿ ಹೆಸರಿನ ಬೋರ್ಡು. ವರ್ಷಕ್ಕೆ ನಾಲ್ಕಾರು ಸಲ ಕಸ ಹೆಕ್ಕಿದರೆ ಅಂಥ ರಸ್ತೆ ನೀಟಾಗಿರುತ್ತದೆ, ಏಕೆಂದರೆ ಅಲ್ಲಿ ಬೀಳುವುದು ಓಡುವ ಕಾರಿನಿಂದ ಎಸೆದ ಡಬ್ಬಿ, ಲೋಟ, ಕಾಗದ. ಆ ಮಾದರಿ ಊರೂರಿಗೆ ಹಬ್ಬಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೂ ಬೀದಿ ದತ್ತು ಯೋಜನೆ ತಂದಿತ್ತು.

ನಮ್ಮ ಬೀದಿ ಮೂಲೆಯ ಕಸವೇ ಬೇರೆ. ಬ್ಲ್ಯಾಕ್ ಸ್ಪಾಟ್ ಎನ್ನುತ್ತಾರಲ್ಲ, ಟ್ರಾನ್ಸ್‌ಫಾರ್ಮರ್ ಕೆಳಗೋ ಖಾಲಿ ಸೈಟಿನ ಗೋಡೆಗೋ ಒರಗಿಕೊಂಡಿರುವ ಆ ರಾಶಿಯ ಹತ್ತಿರ ಹೋಗಿ ನೋಡಿ. ಗಂಟು ಹಾಕಿದ ಕವರುಗಳಲ್ಲಿ ನಿನ್ನೆಯ ಅನ್ನ ಸಾರು, ಮಗುವಿನ ಡೈಪರ್, ಕೋಳಿ ಅಂಗಡಿಯ ಪುಕ್ಕ, ಎಳನೀರು ಬುರುಡೆ, ಹತ್ತಿ ಕಿತ್ತುಬಂದ ದಿಂಬು, ಯಾರದೋ ಬಚ್ಚಲು ಒಡೆದಾಗಿನ ಟೈಲ್ಸ್ ಚೂರು. ಪ್ರತಿಯೊಂದಕ್ಕೂ ಒಂದು ವಿಳಾಸವಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಆಟೋ ಟಿಪ್ಪರ್ ಬರುತ್ತದೆ, ಬಾಗಿಲಿಗೆ ಬೀಗ. ಪೀಜಿಯ ಅಡುಗೆಮನೆಯ ಕಸ ರಾತ್ರಿ ಹತ್ತಕ್ಕೆ ಹೊರಬೀಳುತ್ತದೆ. ಆಗ ಯಾವ ಗಾಡಿಯೂ ಇಲ್ಲ. ಇದು ಅಜಾಗರೂಕತೆಯಿಂದ ಬಿದ್ದ ಕಸವಲ್ಲ, ಹೊತ್ತಿಗೆ ಸರಿಯಾಗಿ ಯಾರೂ ಎತ್ತದೆ ಬಿಟ್ಟ ಕಸ. ಹಾಗಾಗಿ ವರ್ಷಕ್ಕೆ ನಾಲ್ಕು ಸಲ ಗುಡಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗೆಂದು ಸ್ವಯಂಸೇವಕರ ದುಡಿಮೆ ವ್ಯರ್ಥವೆನ್ನಲು ನಾನು ಸಿದ್ಧನಿಲ್ಲ. 2010ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ಬಂದ ‘ದಿ ಅಗ್ಲಿ ಇಂಡಿಯನ್’ ಗುಂಪನ್ನೇ ನೋಡಿ. ಹೆಸರು ಹೇಳಿಕೊಳ್ಳದೆ, ‘ಕಾಮ್ ಚಾಲೂ, ಮೂಹ್ ಬಂದ್’ (ಕೆಲಸ ಶುರು, ಬಾಯಿ ಬಂದ್) ಎಂದು ಮೊದಲು ಚರ್ಚ್ ಸ್ಟ್ರೀಟಿನ ಆಸುಪಾಸಿನಲ್ಲಿ ಕೈಹಾಕಿದವರು. ಅವರ ವಿಧಾನ ಬರೀ ಗುಡಿಸುವುದಲ್ಲ. ಕಸ ತೆಗೆದು, ಗೋಡೆಯ ಬುಡಕ್ಕೆ ಕಾವಿ ಬಣ್ಣ ಬಳಿದು, ಫುಟ್‌ಪಾತ್ ಸರಿಮಾಡಿ, ಕುಂಡ ಇಟ್ಟು, ಆಮೇಲೆ ಅಲ್ಲಿ ಏನಾಗುತ್ತದೆಂದು ಕಾಯುವುದು. ಕೊಳಕು ಜಾಗ ಇನ್ನಷ್ಟು ಕಸವನ್ನು ಕರೆಯುತ್ತದೆ, ಯಾರೋ ನೋಡಿಕೊಳ್ಳುತ್ತಿದ್ದಾರೆಂದು ಕಾಣುವ ಜಾಗದಲ್ಲಿ ಎಸೆಯಲು ಕೈ ಹಿಂಜರಿಯುತ್ತದೆ ಎಂಬುದನ್ನು ಅವರು ಭಾಷಣವಿಲ್ಲದೆ ತೋರಿಸಿದರು.

ಬೀದಿಯವರಿಗೆ ಮಾತ್ರ ಗೊತ್ತಿರುವ ಸಂಗತಿಗಳೂ ಇವೆ. ಯಾವ ಹೊತ್ತಿಗೆ ಯಾವ ಬೈಕು ನಿಧಾನವಾಗುತ್ತದೆ, ಯಾವ ಅಂಗಡಿಯವನು ಶಟರ್ ಎಳೆಯುವ ಮುನ್ನ ಮೂಟೆ ಹೊರಗಿಡುತ್ತಾನೆ ಎಂಬುದು ವಾರ್ಡ್ ಕಚೇರಿಯ ಫೈಲಿನಲ್ಲಿರುವುದಿಲ್ಲ. ಇನ್ನೊಂದು ಲಾಭ ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ಕೊಳೆತ ಅನ್ನದ ನಡುವೆ ಒಡೆದ ಗಾಜು ಒಮ್ಮೆ ಗ್ಲೌಸಿಗೆ ಚುಚ್ಚಿದವರು ತಮ್ಮ ಮನೆಯಲ್ಲಿ ಹಸಿ ಕಸ, ಒಣ ಕಸ ಬೆರೆಸುವುದಕ್ಕೆ ಹೇಸುತ್ತಾರೆ.

ಇನ್ನು ಎದುರು ವಾದ. ಭಾನುವಾರ ಬೆಳಿಗ್ಗೆ ಇಂಥದೊಂದು ಮೂಲೆಯನ್ನು ಗುಡಿಸಿ ಮುಗಿಸಿದ ಹುಡುಗರು ಅಲ್ಲೇ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಕಡ್ಡಿ ಪೊರಕೆ ಹಿಡಿದು ನಿಂತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರು, ‘ಒಳ್ಳೇದಾಯ್ತಪ್ಪ. ಆದ್ರೆ ನಾಳೆ ಇಲ್ಲಿ ಕಸ ಬಿದ್ರೆ ಮೇಸ್ತ್ರಿ ಬಯ್ಯೋದು ನಂಗೇ’ ಎಂದರು. ಹೊಗಳಿಕೆ ಬರುವುದು ಹುಡುಗರಿಗೆ, ಹೊಣೆ ಉಳಿಯುವುದು ಆಕೆಗೆ.

700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬುದು ನಮ್ಮ ಸರ್ಕಾರದ್ದೇ ಲೆಕ್ಕ. ಆ ದುಡಿಮೆಯನ್ನು ಕಾಯಂ ಮಾಡಿಸಿಕೊಳ್ಳಲು ಅವರು 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಬೇಕಾಯಿತು. ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ಆದೇಶ ಸಿಕ್ಕಿದ್ದು 2025ರ ಮೇ ದಿನದಂದು. ಅಷ್ಟು ಕಾದು ಪಡೆದ ಸಂಬಳದ ಕೆಲಸವನ್ನು ಪುಕ್ಕಟೆ ಸೇವೆಯಾಗಿ ಮೆರೆಸಿದರೆ, ಮುಂದೊಂದು ದಿನ ‘ಆ ಬೀದಿ ದತ್ತಾಗಿದೆ, ಅಲ್ಲಿಗೆ ಜನ ಬೇಡ’ ಎಂದು ಯಾರಾದರೂ ಹೇಳಬಹುದು. ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ದತ್ತು ಪಡೆಯುವವರು ಸಿಗುವುದೂ ಬಿಡುವು, ದುಡ್ಡು ಇರುವ ಬಡಾವಣೆಗಳಲ್ಲಿ, ಕೆ.ಆರ್. ಮಾರುಕಟ್ಟೆಯ ಹಿಂದಿನ ಗಲ್ಲಿಗೆ ಯಾರು ಬರುತ್ತಾರೆ? ಬೀದಿ ಚೊಕ್ಕಟವಾದರೂ ಅಲ್ಲಿಂದ ಹೊರಟ ಕಸ ಎಲ್ಲಿಗೋ ಹೋಗಲೇಬೇಕು ಎಂಬುದನ್ನು 2014ರಲ್ಲಿ ಕಸದ ಲಾರಿಗಳ ವಿರುದ್ಧ ನಿಂತ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರು ಹಳ್ಳಿಯ ಜನ ನಗರಕ್ಕೆ ನೆನಪಿಸಿದರು.

ಪ್ರಾಯೋಜಕರ ಬೋರ್ಡಿನ ಪ್ರಶ್ನೆ ಬೇರೆಯದೇ ತೊಡಕು. ಅಮೆರಿಕದ ಮಿಸೌರಿಯಲ್ಲಿ ವರ್ಣದ್ವೇಷಿ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಹೆದ್ದಾರಿ ದತ್ತು ಕೇಳಿತು. ರಾಜ್ಯ ನಿರಾಕರಿಸಿದಾಗ ಕೋರ್ಟಿಗೆ ಹೋಗಿ ಗೆದ್ದಿತು; 2001ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲೂ ಇಲ್ಲ. ರಾಜ್ಯ ಆ ರಸ್ತೆಗೆ ಕಪ್ಪು ಜನರ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಹೆಸರಿಟ್ಟು ಉತ್ತರ ಕೊಟ್ಟಿತು. ಸಾರ್ವಜನಿಕ ರಸ್ತೆಯಲ್ಲಿ ಹೆಸರಿಗೆ ಜಾಗ ಕೊಟ್ಟ ಮೇಲೆ ಯಾರ ಹೆಸರು ಎಂದು ಆರಿಸುವುದು ಕಷ್ಟ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲಷ್ಟೇ ಫ್ಲೆಕ್ಸ್‌ಗಳು ಇಳಿದ ಬೆಂಗಳೂರಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಆದರೂ ಕಂಪನಿಗಳ ಹಣ ಬೇಡ ಎನ್ನುವುದು ಸರಿಯಲ್ಲ. ಕುಂಡ ಇಟ್ಟು ಉದ್ಘಾಟಿಸಲು ಹಣ ಬರುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೆ ನೀರು ಹಾಕಲು ಬರುವುದಿಲ್ಲ. ತೊಂದರೆ ಇರುವುದು ಅಲ್ಲಿ. ಎರಡು ವರ್ಷದ ನಿರ್ವಹಣೆಯ ದುಡ್ಡು ಮುಂಗಡ ಕಟ್ಟಿಸಿಕೊಂಡು, ಮೊದಲ ವರ್ಷ ಜಾಗ ಚೊಕ್ಕಟವಾಗಿ ಉಳಿದರಷ್ಟೇ ಅಂಗೈಯಗಲದ ಹೆಸರಿನ ಪಟ್ಟಿ ಕೊಡಬಹುದು.

ಕಸ ಎತ್ತುವುದು ಪಾಲಿಕೆಯದ್ದಾಗಿಯೇ ಉಳಿಯಲಿ. ಎತ್ತಿದ ಜಾಗವನ್ನು ಕಾಯುವುದು, ನೆರೆಯವರೊಂದಿಗೆ ಮಾತಾಡುವುದು ಬೀದಿಯವರದ್ದಾಗಲಿ ಎಂಬ ಕಡೆಗೆ ನನ್ನ ಒಲವು. ದತ್ತು ಪತ್ರದಲ್ಲಿ ನಿವಾಸಿಗಳ ಕರ್ತವ್ಯದ ಜೊತೆಗೆ ಟಿಪ್ಪರ್ ಬರುವ ಗಂಟೆ, ಆ ಬೀದಿಗೆ ನೇಮಕವಾದ ಪೌರಕಾರ್ಮಿಕರ ಸಂಖ್ಯೆ, ಅದನ್ನು ಇಳಿಸುವುದಿಲ್ಲ ಎಂಬ ಮಾತು ಬರಹದಲ್ಲಿರಬೇಕು. ಪೀಜಿಗಳಿರುವ ಬೀದಿಗೆ ರಾತ್ರಿ ಪಾಳಿಯ ಗಾಡಿ ಬಿಡಲು ಪಾಲಿಕೆ ಒಪ್ಪದಿದ್ದರೆ ಅಲ್ಲಿನ ಜನ ಸಹಿ ಹಾಕದೆ, ಗಾಡಿ ಬರುವವರೆಗೂ ವಾರ್ಡ್ ಕಚೇರಿಗೆ ಎಡತಾಕುತ್ತಿರುವುದೇ ಸರಿ.