ಹಸುವಿನ ಕೊಟ್ಟಿಗೆಯೋ, ಸಾಹೇಬರ ಕೊಟ್ಟಿಗೆಯೋ?

ನಮ್ಮ ಕಡೆಯ ಒಂದು ಬ್ಯಾಂಕಿನವರು ಹಸುವಿನ ಸಾಲದ ಜೊತೆ ಕೊಟ್ಟಿಗೆಯ ನಕ್ಷೆಯನ್ನೂ ತಾವೇ ಕೊಡುತ್ತಾರೆ. ನುಣ್ಣನೆ ಸಿಮೆಂಟು ನೆಲ, ತಗ್ಗಿನ ತಗಡಿನ ಸೂರು. ಫೋಟೋ ತೆಗೆಯೋಕೆ ಚೆಂದ!

ಹಾಲು ಕೊಡೋ ಸೀಮೆಹಸು ದಿನಕ್ಕೆ 10-12 ಗಂಟೆ ಮಲಗಬೇಕು. ಗಟ್ಟಿ ನೆಲದ ಮೇಲೆ ಮಲಗಲಾರದೆ ನಿಂತೇ ಇರುತ್ತದೆ, ಗೊರಸು ಕೆಡುತ್ತದೆ. ಏಳುವಾಗ ಜಾರಿ ಬಿದ್ದರೆ ಮುಗೀತು. ಲೀಟರು ಹಾಲಿಗೆ 3-4 ಲೀಟರು ನೀರು ಬೇಕು. ನಕ್ಷೆಯಲ್ಲಿ ನೀರಿನ ತೊಟ್ಟಿಯೇ ಇಲ್ಲ! ಕಾದ ತಗಡಿನ ಕೆಳಗೆ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಕಂತು ಇಳಿಯುತ್ತದೆಯೇ?

ತಾತನ ಕಾಲದ ಕೊಟ್ಟಿಗೆಯಲ್ಲಿ ಕತ್ತಲೆ, ಗಂಜಲದ ಕೆಸರು ಇದ್ದದ್ದು ನಿಜ, ಅದನ್ನು ಹೊಗಳುತ್ತಿಲ್ಲ. ಆದರೂ ನೆಲ ಮೆತ್ತಗಿತ್ತು. ಗೀರು ಹಾಕಿದ ನೆಲ, ರಬ್ಬರು ಹಾಸು, ಎತ್ತರದ ಸೂರು, ಸದಾ ತುಂಬಿದ ತೊಟ್ಟಿ ನಕ್ಷೆಯಲ್ಲಿ ಬರುವ ತನಕ ಸಾಲದ ಕಾಗದಕ್ಕೆ ಯಾರೂ ಸಹಿ ಹಾಕಬೇಡಿ.