ಜಿರಾಫೆ ಗೊತ್ತು, ಆಟೋ ಗೊತ್ತಿಲ್ಲ

ಸಿಸಿಟಿವಿ ಅಂಗಡಿಗಳ ಮುಂದೆ ಈಗ ‘ಎಐ ಕ್ಯಾಮೆರಾ’ ಎಂಬ ಬೋರ್ಡು ಸಾಮಾನ್ಯ. ಮನುಷ್ಯರನ್ನೂ ವಾಹನಗಳನ್ನೂ ತಾನೇ ಗುರುತಿಸುತ್ತದೆ, ಹಿಂಬಾಲಿಸುತ್ತದೆ, ಅನುಮಾನ ಬಂದರೆ ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ ಎನ್ನುತ್ತಾರೆ ಮಾರುವವರು. ಸುಳ್ಳೇನಲ್ಲ. ಆದರೆ ಇಂಥ ಅನೇಕ ತಂತ್ರಾಂಶಗಳೊಳಗಿನ ನ್ಯೂರಲ್ ನೆಟ್‌ವರ್ಕ್ ಅಕ್ಷರಾಭ್ಯಾಸ ಮಾಡಿದ್ದು 2014ರಲ್ಲಿ ಹೊರಬಂದ ‘ಕೊಕೊ’ ಎಂಬ ಚಿತ್ರಸಂಗ್ರಹದಲ್ಲಿ. ಅದರಲ್ಲಿ 80 ಬಗೆಯ ವಸ್ತು, ಪ್ರಾಣಿಗಳಿಗೆ ಹೆಸರಿದೆ. ಜಿರಾಫೆ ಇದೆ, ಜೀಬ್ರಾ ಇದೆ, ಹಿಮದ ಮೇಲೆ ಜಾರುವ ಸ್ಕೀ ಇದೆ, ಬೇಸ್‌ಬಾಲ್ ಬ್ಯಾಟೂ ಇದೆ. ಆಟೋರಿಕ್ಷಾ ಇಲ್ಲ. ಹೀಗಾಗಿ ಗೇಟಿನ ಮುಂದೆ ಬಂದು ನಿಂತ ಆಟೋ ಅದರ ಕಣ್ಣಿಗೆ ಒಮ್ಮೆ ಕಾರು, ಇನ್ನೊಮ್ಮೆ ಟ್ರಕ್ಕು.

ಈ ಕೊರತೆ ತುಂಬುವ ಕೆಲಸ ನಮ್ಮಲ್ಲಿ ನಡೆದಿದೆ. ಹೈದರಾಬಾದಿನ ಐಐಐಟಿ ಮುಂದೆ ನಿಂತು 2018ರಲ್ಲಿ ಹೊರತಂದ ಸಂಗ್ರಹದಲ್ಲಿ ಹೈದರಾಬಾದ್ ಮತ್ತು ಬೆಂಗಳೂರು ರಸ್ತೆಗಳ 10 ಸಾವಿರ ಚಿತ್ರಗಳಿವೆ. ಆಟೋಗೆ ಅಲ್ಲಿ ಸ್ವಂತ ಹೆಸರುಂಟು. ಆದರೆ ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ಒಳಗಿರುವುದು ಯಾವ ಪಾಠ ಕಲಿತ ಯಂತ್ರ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಮೆಗಾಪಿಕ್ಸೆಲ್ ಎಂದಷ್ಟೇ ಕೇಳುತ್ತೇವೆ. ತಮಾಷೆಯೆಂದರೆ, ಗುರುತಿಸುವ ಕೆಲಸಕ್ಕೆ ಆ ದೊಡ್ಡ ಚಿತ್ರ ಹೋಗುವುದೇ ಅಪರೂಪ. ಹೆಚ್ಚಿನ ತಂತ್ರಾಂಶಗಳು ಚಿತ್ರವನ್ನು 640 ಪಿಕ್ಸೆಲ್ ಅಗಲಕ್ಕೋ 320ಕ್ಕೋ ಕುಗ್ಗಿಸಿಯೇ ನೆಟ್‌ವರ್ಕಿಗೆ ಉಣಿಸುತ್ತವೆ. ದೂರದ ಮೂಲೆಯಲ್ಲಿ ನಿಂತ ಮನುಷ್ಯ ಅಷ್ಟರಲ್ಲಿ ನಾಲ್ಕಾರು ಚುಕ್ಕೆಯಾಗಿರುತ್ತಾನೆ.

ನಮ್ಮ ಅಪಾರ್ಟ್‌ಮೆಂಟ್ ಸಂಘವೂ ಈಚೆಗೆ ಇಂಥದ್ದೊಂದು ಹಾಕಿಸಿತು. ಜೋಡಿಸಲು ಬಂದ ಹುಡುಗ ಚುರುಕಾಗಿದ್ದ. ತಂತಿ ಎಳೆದು, ಕ್ಯಾಮೆರಾ ಕೂರಿಸಿ, ಲ್ಯಾಪ್‌ಟಾಪ್ ತೆರೆದ. ಮೊದಲ ಅಲಾರಂ ಬಂದದ್ದು ಚಿತ್ರದ ಮೂಲೆಯಲ್ಲಿ ಓಡುವ ಗಡಿಯಾರದ ಅಂಕಿಗಳಿಂದ! ಸೆಕೆಂಡಿಗೊಮ್ಮೆ ಬದಲಾಗುವ ಆ ಅಂಕಿಗಳೂ ಯಂತ್ರದ ಲೆಕ್ಕಕ್ಕೆ ‘ಚಲನೆ’ಯೇ. ಅದರ ಮೇಲೊಂದು ಮಾಸ್ಕ್ ಎಳೆದು ಬಾಯಿ ಮುಚ್ಚಿಸಿದ್ದಾಯಿತು. ರಾತ್ರಿ ಇನ್ನೊಂದು ಕಾಟ: ಕ್ಯಾಮೆರಾದ ಸುತ್ತ ಹುಳು ಮುತ್ತುತ್ತವೆ, ಹುಳಕ್ಕಾಗಿ ಜೇಡ ಬಲೆ ಕಟ್ಟುತ್ತದೆ, ಬಲೆಯ ಒಂದು ಎಳೆ ಅಲ್ಲಾಡಿದರೆ ಇಡೀ ಪರದೆ ಅಲ್ಲಾಡಿದಂತೆ. ಇದಕ್ಕೆ ಪೊರಕೆಯೇ ಮದ್ದು. ಕೆಳಮನೆಯವರು ತಂತಿಯಲ್ಲಿ ಒಣಹಾಕಿದ ಪಂಚೆ–ಶರಟನ್ನು ಯಂತ್ರ ‘ಮನುಷ್ಯ’ ಎಂದಿತು, ನೂರಕ್ಕೆ 58ರಷ್ಟು ನಂಬಿಕೆಯಿಂದ. ನೂರಕ್ಕೆ ಎಷ್ಟಿದ್ದರೆ ನಾವು ನಂಬಬೇಕು? ಹುಡುಗ ಹೇಳಿದ: “ಡೀಫಾಲ್ಟ್ ಇರ್ಲಿ ಬಿಡಿ ಸಾರ್, ನಡೆಯುತ್ತೆ.”

ನನ್ನ ತಕರಾರು ಶುರುವಾಗುವುದೇ ಈ ಡೀಫಾಲ್ಟ್‌ನಿಂದ. ಯಾರನ್ನು ನೋಡಬೇಕು, ಯಾರನ್ನು ಬಿಡಬೇಕು, ಎಷ್ಟು ಹೊತ್ತು ನಿಂತರೆ ಅನುಮಾನ ಪಡಬೇಕು ಎಂಬುದನ್ನು ತೀರ್ಮಾನಿಸುವ ಜಾಗ ಆ ಸೆಟ್ಟಿಂಗ್ಸ್ ಪುಟವೇ. ಕ್ಯಾಮೆರಾ ಕೊಳ್ಳಲು ಮೂರು ಕೊಟೇಶನ್ ತರಿಸುವ ಸಂಘಗಳು ಆ ಪುಟವನ್ನು ಮಾತ್ರ ತಿರುಗಿ ನೋಡುವುದಿಲ್ಲ.

ಜಾಡು ಹಿಡಿಯುವುದೆಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಿ. ನೆಟ್‌ವರ್ಕಿಗೆ ನೆನಪಿಲ್ಲ. ಪ್ರತಿ ಫ್ರೇಮನ್ನೂ ಹೊಸದೆಂಬಂತೆ ನೋಡಿ ಕಂಡವರ ಸುತ್ತ ಒಂದೊಂದು ಚೌಕ ಬರೆಯುತ್ತದೆ, ಅಷ್ಟೆ. ಈ ಫ್ರೇಮಿನ ಚೌಕವೂ ಹಿಂದಿನ ಫ್ರೇಮಿನ ಚೌಕವೂ ಒಬ್ಬರದ್ದೇ ಎಂದು ಗಂಟು ಹಾಕಿ ನಂಬರ್ ಕೊಡುವುದು ಬೇರೊಂದು ಲೆಕ್ಕ. ಅದರ ಅಡಿಪಾಯ ಹಳೆಯದು. ರುಡಾಲ್ಫ್ ಕಾಲ್ಮನ್ 1960ರಲ್ಲಿ ಬರೆದ ಸೂತ್ರ, ಚಂದ್ರನತ್ತ ಹೊರಟ ಅಪೊಲೊ ನೌಕೆಗಳಿಗೆ ದಾರಿಯ ಲೆಕ್ಕ ಹಾಕಲು ನೆರವಾದದ್ದು, ಇಂದು ಗೇಟಿನಲ್ಲಿ ಹಾಲಿನವನ ಮುಂದಿನ ಹೆಜ್ಜೆ ಎಲ್ಲಿ ಬೀಳಬಹುದೆಂದು ಊಹಿಸುತ್ತಿದೆ. ಜಾತ್ರೆಯಲ್ಲಿ ಮಗುವಿನ ಮೇಲೆ ಕಣ್ಣಿಟ್ಟ ತಾಯಿಯೂ ಹೀಗೇ ಮಾಡುತ್ತಾಳೆ: ಮಗು ತೇರಿನ ಹಿಂದೆ ಮರೆಯಾದರೆ ಆ ಕಡೆಯಿಂದ ಎಲ್ಲಿ ಹೊರಬಂದೀತು ಎಂದು ಅಂದಾಜು ಮಾಡುತ್ತಾಳೆ, ಅಂಗಿಯ ಬಣ್ಣ ನೋಡಿ ಖಚಿತಪಡಿಸಿಕೊಳ್ಳುತ್ತಾಳೆ. 2016ರ ‘ಸಾರ್ಟ್’ ಎಂಬ ವಿಧಾನ ಅಂದಾಜನ್ನಷ್ಟೇ ನಂಬಿತ್ತು. ಮರುವರ್ಷ ಬಂದ ‘ಡೀಪ್‌ಸಾರ್ಟ್’ ಅಂಗಿಯ ಬಣ್ಣದಂಥ ರೂಪಚಹರೆಯನ್ನೂ ಸೇರಿಸಿಕೊಂಡಿತು.

ಅಂಗಿ ಒಂದೇ ಬಣ್ಣದ್ದಾದರೆ? ಶಾಲೆ ಬಿಟ್ಟ ಹೊತ್ತು, ಒಂದೇ ಯೂನಿಫಾರಂನ ಮಕ್ಕಳು. ಬೆಳಗ್ಗೆ ಒಂದೇ ಜಾಕೆಟ್ಟಿನ ಪೌರಕಾರ್ಮಿಕರು. ರಾತ್ರಿ ಎಂಟಕ್ಕೆ ಒಂದೇ ಟೀ ಶರ್ಟಿನ ಡೆಲಿವರಿ ಹುಡುಗರು. 14ನೇ ನಂಬರಿನವನು ನಿಂತ ಕಾರಿನ ಹಿಂದೆ ಹೋಗಿ 22 ಆಗಿ ಹೊರಬರುತ್ತಾನೆ; ಅವನ 14 ಪಕ್ಕದವನ ತಲೆಗೆ ಅಂಟಿಕೊಂಡಿರುತ್ತದೆ. ಅಂಗಡಿಗೆ ದಿನಕ್ಕೆ ಎಷ್ಟು ಜನ ಬಂದರೆಂದು ಎಣಿಸುವಾಗ ಇದರಿಂದ ದೊಡ್ಡ ನಷ್ಟವಿಲ್ಲ. ಕಳವಾದ ಸ್ಕೂಟರಿನ ಬಳಿ ಇದ್ದವನೂ ಗೇಟು ದಾಟಿದವನೂ ಒಬ್ಬನೇ, ನಂಬರ್ ಒಂದೇ ಇದೆಯಲ್ಲ ಎಂದು ವಾದಿಸಲು ಹೊರಟರೆ ಯಾರದೋ ಮನೆಯ ಹುಡುಗ ಠಾಣೆಯಲ್ಲಿ ಕೂರಬೇಕಾಗುತ್ತದೆ. ಆ ನಂಬರನ್ನು ಸಾಕ್ಷಿ ಎನ್ನುವುದಕ್ಕೆ ನನ್ನ ಪೂರ್ತಿ ವಿರೋಧವಿದೆ. ದೃಶ್ಯವನ್ನು ಮನುಷ್ಯರು ಕೂತು ನೋಡಲಿ.

ಇನ್ನು ವಲಯದ ಗೆರೆ. ಪರದೆಯ ಮೇಲೆ ಮೌಸ್ ಹಿಡಿದು ‘ಇದು ನಮ್ಮ ಜಾಗ’ ಎಂದು ಗೆರೆ ಎಳೆಯಬೇಕು. ವ್ಯಕ್ತಿ ಗೆರೆಯ ಒಳಗಿದ್ದಾನೋ ಹೊರಗೋ ಎಂಬುದನ್ನು ಅನೇಕ ತಂತ್ರಾಂಶಗಳು ಚೌಕದ ಕೆಳ ಅಂಚಿನ ನಡುಬಿಂದುವಿನಿಂದ, ಅಂದರೆ ಪಾದ ಇರಬೇಕಾದ ಜಾಗದಿಂದ ಅಳೆಯುತ್ತವೆ. ಕಾಂಪೌಂಡ್ ಗೋಡೆಯ ಆಚೆ ರಸ್ತೆಯಲ್ಲಿ ನಡೆಯುವವನ ಪಾದ ಕಾಣುವುದಿಲ್ಲ, ಸೊಂಟದಿಂದ ಮೇಲಷ್ಟೇ ಕಾಣುತ್ತದೆ. ಚೌಕ ಗೋಡೆಯ ತಲೆಗೇ ನಿಲ್ಲುತ್ತದೆ. ಗೆರೆಯನ್ನು ಗೋಡೆಗೆ ತಾಗಿಸಿ ಎಳೆದಿದ್ದರೆ ದಾರಿಹೋಕನೂ ‘ಒಳನುಗ್ಗಿದವನು’!

ಹುಡುಗ ಗೆರೆಯನ್ನು ಧಾರಾಳವಾಗಿ ರಸ್ತೆಯ ಅರ್ಧದವರೆಗೂ ಎಳೆದಿದ್ದ. ಸುಳಿದಾಟದ ಅಲಾರಂ 30 ಸೆಕೆಂಡಿಗೆ ಇತ್ತು. ಮಾರನೆಯ ಬೆಳಗಿನಿಂದ ಸಮಿತಿಯವರ ಮೊಬೈಲು ಬಡಿದುಕೊಳ್ಳತೊಡಗಿತು. ಸಿಕ್ಕಿಬಿದ್ದವರು ಯಾರು? ಗೇಟಿನ ಪಕ್ಕ ಬುಟ್ಟಿ ಇಳಿಸಿ ಮೊಳ ಅಳೆಯುವ ಹೂವಿನಮ್ಮ, ಓಟಿಪಿಗೆ ಕಾಯುವ ಡೆಲಿವರಿಯವನು, ಕಸದ ಗಾಡಿಯವರು. ಲಿಫ್ಟಿನಿಂದ ನೇರ ಕಾರಿಗೆ ಇಳಿಯುವ ನಾವ್ಯಾರೂ ಸಿಗಲಿಲ್ಲ. ಸಭೆಯಲ್ಲಿ ಒಬ್ಬರು, “ಆ ಹೂವಿನವಳಿಗೆ ಜಾಗ ಬದಲಿಸೋಕೆ ಹೇಳಿಬಿಡಿ” ಎಂದರು. ಗೆರೆ ಬದಲಿಸುವುದು ಸುಲಭ ಎಂದು ಅವರಿಗೆ ಹೊಳೆಯಲಿಲ್ಲ. ರಸ್ತೆಯಲ್ಲಿ ನಿಂತು ದುಡಿಯುವವರನ್ನು ಹೀಗೆ ‘ಅನುಮಾನಾಸ್ಪದ’ ಮಾಡಲು ಯಾವ ನೆಟ್‌ವರ್ಕೂ ಬೇಕಿಲ್ಲ. ಅಂಕಿ ತುಂಬುವ ಒಂದು ಖಾಲಿ ಜಾಗ ಸಾಕು.

ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪಿಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯಕ್ಕೆ ಆ ಹೆಸರನ್ನು ಎಲ್ಲರೂ ನೆನೆಯುತ್ತಾರೆ, ಗೇಟಿನ ಕ್ಯಾಮೆರಾಕ್ಕೆ ಯಾರೂ ನೆನೆಯುವುದಿಲ್ಲ. ‘ಯೋಲೊ’ ಎಂಬ ಜನಪ್ರಿಯ ಗುರುತಿಸುವ ವಿಧಾನ ರೂಪಿಸಿದ ಜೋಸೆಫ್ ರೆಡ್ಮನ್, ಸೇನಾ ಬಳಕೆ ಮತ್ತು ಖಾಸಗಿತನದ ಚಿಂತೆ ತಡೆಯಲಾಗದೆ ಈ ಸಂಶೋಧನೆಯನ್ನೇ ಕೈಬಿಟ್ಟೆ ಎಂದು 2020ರಲ್ಲಿ ಹೇಳಿಕೊಂಡರು. ನಾವು ಅಷ್ಟು ದೂರ ಹೋಗಬೇಕಿಲ್ಲ. ಕಳ್ಳತನ ನಿಜ, ಕ್ಯಾಮೆರಾದ ಉಪಯೋಗವೂ ನಿಜ.

ನಾನು ಸಭೆಯಲ್ಲಿ ಕೇಳಿದ್ದು ಇಷ್ಟೇ: ರಸ್ತೆಯ ಭಾಗಕ್ಕೆ ಮಾಸ್ಕ್ ಹಾಕಿ, ಸುಳಿದಾಟದ ಅಲಾರಂ ರಾತ್ರಿ ಹನ್ನೊಂದರ ಮೇಲೆ, ಪಾರ್ಕಿಂಗ್ ಒಳಗೆ ಮಾತ್ರ ಇರಲಿ, ರೆಕಾರ್ಡಿಂಗ್ 30 ದಿನಕ್ಕೆ ಅಳಿಯಲಿ, ಪಾಸ್‌ವರ್ಡ್ ಇಬ್ಬರ ಬಳಿ ಇರಲಿ, ವಾಟ್ಸ್‌ಆ್ಯಪ್ ಗುಂಪಿಗೆ ತುಣುಕು ಹಾಕುವುದು ಬೇಡ, ಸೆಟ್ಟಿಂಗ್ಸ್ ಪುಟದ ಪ್ರಿಂಟ್ ನೋಟಿಸ್ ಬೋರ್ಡಿಗೆ ಅಂಟಿಸಿ. ಕೊನೆಯದಕ್ಕೆ ನಕ್ಕವರೇ ಹೆಚ್ಚು. ಆದರೂ ಅಂಟಿಸಿದರು. ಮೊದಲು ಬಂದ ಆಕ್ಷೇಪಣೆ ಕೆಳಮನೆಯವರದು: ಬಟ್ಟೆ ಒಣಹಾಕುವ ಅಂಗಳವೂ ವಲಯದೊಳಗೇ ಇದೆಯಲ್ಲ, ಯಾಕೆ? ಕಾರ್ಯದರ್ಶಿ ಮರುಮಾತಿಲ್ಲದೆ ಗೆರೆ ಬದಲಿಸಿದರು. ವಾಟ್ಸ್‌ಆ್ಯಪ್ ವಿಷಯ ಮಾತ್ರ ಮುಂದಿನ ಸಭೆಗೆ ಹೋಗಿದೆ. ತುಣುಕು ನೋಡುವ ಚಟ ಬಿಡಲು ಇಬ್ಬರು ಮೂವರು ಸಿದ್ಧರಿಲ್ಲ.