ಗಟ್ಟಿ ವೈನ್‌ಗೆ ಎಷ್ಟು ಮಾರ್ಕ್ಸ್?

ಸ್ಪೇನಿನ ರೆಡ್ ವೈನ್ ಮೊದಲ ಸಲ ಕುಡಿದವರು ಹೇಳೋದು ಒಂದೇ ಮಾತು, 'ಅಬ್ಬಾ, ಸ್ಟ್ರಾಂಗ್!' ನಿಜ. ತೋರೊ, ಪ್ರಿಯೊರಾತ್, ಹುಮಿಯಾ ಕಡೆಯ ಬಾಟಲಿಗಳಲ್ಲಿ ಆಲ್ಕೋಹಾಲ್ 14, 15 ಪರ್ಸೆಂಟ್ ಇರೋದು ಮಾಮೂಲಿ. ಆದರೆ ಸ್ಟ್ರಾಂಗ್ ಇದ್ದದ್ದೆಲ್ಲ ಚೆನ್ನಾಗಿರುತ್ತಾ? ನನ್ನ ತಕರಾರು ಇರೋದೇ ಇಲ್ಲಿ. ಆಮದು ಸುಂಕ ಸೇರಿ ಬೆಂಗಳೂರಿನಲ್ಲಿ ಒಂದು ಬಾಟಲಿಗೆ ಸಾವಿರಾರು ರೂಪಾಯಿ ಕೊಡೋರು ನಾವು ತಾನೇ?

ಆರೇಳು ಗ್ಲಾಸ್ ಸಾಲಾಗಿಟ್ಟು ಒಂದೊಂದೇ ಗುಟುಕು ನೋಡಿದರೆ, ಜೋರು ವೈನೇ ನೆನಪಲ್ಲಿ ಉಳಿಯುತ್ತೆ. ಮೀಟಿಂಗ್‌ನಲ್ಲಿ ದೊಡ್ಡ ದನಿಯವರ ಐಡಿಯಾ ಪಾಸ್ ಆಗೋ ಹಾಗೆ! ಊಟದ ಜೊತೆ ಇಡೀ ಗ್ಲಾಸ್ ಕುಡಿಯುವಾಗ ಅದೇ ವೈನ್ ಸಾಕಪ್ಪಾ ಅನ್ನಿಸಬಹುದು.

ನಾನು ನೋಡೋದು ಮೂರು.

ಒಗರು: ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವಂಥದ್ದು. ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಹಿಡಿದ ಹಾಗಾಗುತ್ತಲ್ಲ, ಅದೇ. ಒಗರು ಇರಲಿ, ಅದರ ಹಿಂದೆ ಹಣ್ಣಿನ ರುಚಿಯೂ ಇರಲಿ.

ಹುಳಿ: ರಿಬೆರಾ ದೆಲ್ ದುಯೆರೊದಲ್ಲಿ ದ್ರಾಕ್ಷಿತೋಟಗಳು ಸುಮಾರು 800 ಮೀಟರ್ ಎತ್ತರದಲ್ಲಿವೆ. ಅಲ್ಲಿನ ತಣ್ಣನೆಯ ರಾತ್ರಿಗಳು ಹಣ್ಣಿನ ಹುಳಿಯನ್ನು ಕಾಪಾಡುತ್ತವೆ. ಹುಳಿ ಇಲ್ಲದ ಗಟ್ಟಿ ವೈನ್, ಹುಣಸೆಹಣ್ಣು ಮರೆತ ಸಾರಿನ ಹಾಗೆ ಸಪ್ಪೆ.

ಮರ: ಅಮೆರಿಕನ್ ಓಕ್ ಪೀಪಾಯಿಯಿಂದ ವೆನಿಲ್ಲಾ, ತೆಂಗಿನಕಾಯಿಯ ವಾಸನೆ ಬರುತ್ತೆ. ಅದು ಬಿಟ್ಟು ಬೇರೇನೂ ಮೂಗಿಗೆ ಸಿಗದಿದ್ದರೆ, ನೀವು ದುಡ್ಡು ಕೊಟ್ಟಿದ್ದು ಪೀಪಾಯಿಗೆ ಅಂತ ಅರ್ಥ.

ಲೇಬಲ್ ನೋಡಿ ಮರುಳಾಗಬೇಡಿ. ರಿಯೋಹದ ಕೆಂಪು ವೈನ್‌ನಲ್ಲಿ 'ಕ್ರಿಯಾಂಜಾ' ಅಂದರೆ ಕನಿಷ್ಠ 2 ವರ್ಷ ಹಳೆಯದು, 'ರಿಸರ್ವಾ' 3, 'ಗ್ರಾನ್ ರಿಸರ್ವಾ' 5. ಎಷ್ಟು ವರ್ಷ ಸರ್ವಿಸ್ ಆಗಿದೆ ಅಂತ ಅದು ಹೇಳುತ್ತೆ. ಕೆಲಸ ಹೇಗೆ ಮಾಡುತ್ತಾರೆ ಅಂತ ಹೇಳಲ್ಲ.

ಗೆಳೆಯರು ಸೇರಿದಾಗ ಹೀಗೆ ಮಾಡಿ. ಬಾಟಲಿಗಳಿಗೆ ನ್ಯೂಸ್‌ಪೇಪರ್ ಸುತ್ತಿ ನಂಬರ್ ಹಾಕಿ. ನಮ್ಮ ಬೇಸಿಗೆಯ ಬಿಸಿಯಲ್ಲಿ ಆಲ್ಕೋಹಾಲ್ ಘಾಟು ಮಾತ್ರ ಮೂಗಿಗೆ ಬಡಿಯುತ್ತೆ, ಹಾಗಾಗಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. 16ರಿಂದ 18 ಡಿಗ್ರಿ ಸರಿ. ರುಚಿ ನೋಡಿ, ಉಗುಳಿ. ತೀರ್ಪುಗಾರರೂ ಹಾಗೇ ಮಾಡೋದು, ನಾಚಿಕೆ ಬೇಡ. ಮನೆಗೆ ಹೋಗೋಕೆ ಕ್ಯಾಬ್ ಬುಕ್ ಮಾಡಿ.

ಎಲ್ಲರೂ ಮಾರ್ಕ್ಸ್ ಬರೆದಿಟ್ಟ ಮೇಲೆ ಊಟಕ್ಕೆ ಕೂತು, ಯಾವ ಬಾಟಲಿ ಮೊದಲು ಖಾಲಿಯಾಗುತ್ತೆ ಅಂತ ಗಮನಿಸಿ. ಮಾರ್ಕ್ಸ್‌ಗಿಂತ ನಾನು ನಂಬೋದು ಅದನ್ನೇ.